ಬೂಟ್‌ಲೋಡರ್ ಕೂಡ ಹೊರಗಿನ ಡಿಸ್ಕ್‌ನಲ್ಲೇ ಇರಲಿ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಲಿನಕ್ಸ್ ಹಾಕೋದು ಕಷ್ಟವಲ್ಲ. ಆದರೆ ಕಂಪ್ಯೂಟರ್ ಆನ್ ಮಾಡಿದಾಗ ಸಿಸ್ಟಮ್ಮನ್ನು ಎಬ್ಬಿಸುವ ಬೂಟ್‌ಲೋಡರ್ ಎಲ್ಲಿ ಹೋಗಿ ಕೂರುತ್ತದೆ ಅಂತ ನೋಡದಿದ್ದರೆ ಆ ಡಿಸ್ಕ್ ಬೇರೆ ಕಂಪ್ಯೂಟರ್‌ನಲ್ಲಿ ಏಳುವುದೇ ಇಲ್ಲ.

ಅಕ್ಕನ ಮಗಳು ಪೈಥಾನ್ ಕಲಿಯುತ್ತಿದ್ದಾಳೆ. ಮನೆಯಲ್ಲಿರೋದು ಭಾವನ ಲ್ಯಾಪ್‌ಟಾಪ್ ಒಂದೇ, ಅದೂ 4 ಜಿಬಿ ರ‍್ಯಾಮ್. "ನನ್ನ ವಿಂಡೋಸ್ ಮಾತ್ರ ಮುಟ್ಟಬೇಡಪ್ಪ, ಜಿಎಸ್‌ಟಿ ಲೆಕ್ಕ ಎಲ್ಲ ಅದರಲ್ಲೇ ಇದೆ" ಅಂದರು ಭಾವ. ನ್ಯಾಯವಾದ ಮಾತೇ. ಹಳೆ ಲ್ಯಾಪ್‌ಟಾಪ್‌ನಿಂದ ತೆಗೆದಿಟ್ಟ 2.5 ಇಂಚಿನ ಡಿಸ್ಕ್ ನನ್ನ ಹತ್ತಿರ ಇತ್ತು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅದಕ್ಕೊಂದು ಕೇಸ್ ತಂದೆ. ಯುಎಸ್‌ಬಿ 3.0 ಅಂತಲೇ ಕೇಳಿ ತಗೊಳ್ಳಿ. 2.0 ಆದರೆ ಸೆಕೆಂಡಿಗೆ 480 ಮೆಗಾಬಿಟ್‌ಗೆ ಮುಗಿಯಿತು, ಡಿಸ್ಕ್‌ಗೆ ವೇಗ ಇದ್ದರೂ ಕೇಸ್ ಬಿಡೋದಿಲ್ಲ.

ಹಾಕಿದ್ದು ಲುಬುಂಟು 24.04 ಅನ್ನೋ ಲಿನಕ್ಸ್. ಅದರ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಹಗುರ, ಕಡಿಮೆ ರ‍್ಯಾಮ್‌ಗೆ ಸರಿಹೋಗುತ್ತದೆ.

ಈಗ ಅಸಲು ವಿಷಯ. ಕೆಲವು ಇನ್‌ಸ್ಟಾಲರ್‌ಗಳು ಸಿಸ್ಟಮ್ಮನ್ನು ಹೊರಗಿನ ಡಿಸ್ಕ್‌ಗೆ ಹಾಕಿ, ಅದರ ಬೂಟ್‌ಲೋಡರ್ ಆದ ಗ್ರಬ್ಬನ್ನು ಮಾತ್ರ ಒಳಗಿನ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೆ, ಅಂದರೆ ಬೂಟ್ ಫೈಲ್‌ಗಳಿರುವ ಚಿಕ್ಕ ಭಾಗಕ್ಕೆ, ಬರೆದುಬಿಡುತ್ತವೆ. ಆಮೇಲೆ ಡಿಸ್ಕ್ ಕಿತ್ತು ಲ್ಯಾಪ್‌ಟಾಪ್ ಆನ್ ಮಾಡಿದರೆ ವಿಂಡೋಸ್ ಬದಲು ಗ್ರಬ್‌ನ ಕಪ್ಪು ಪರದೆ ಬರಬಹುದು. ಭಾವನ ಮುಖ ನೆನೆಸಿಕೊಳ್ಳಿ!

ಅದಕ್ಕೇ ನಾನು ಪಾರ್ಟಿಷನ್ನುಗಳನ್ನು ಕೈಯಾರೆ ಮಾಡುತ್ತೇನೆ. ಲುಬುಂಟು ಇನ್‌ಸ್ಟಾಲರ್‌ನಲ್ಲಿ ಮೇಲ್ಗಡೆ ಡಿಸ್ಕ್ ಆರಿಸುವ ಪಟ್ಟಿ ಇರುತ್ತದೆ. ಅಲ್ಲಿ ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸರು ನಂಬಬೇಡಿ, ಅವು ಅದಲು ಬದಲಾಗುತ್ತವೆ. ಸೈಜ್ ನೋಡಿ: ಭಾವನದು 1 ಟಿಬಿ, ನಮ್ಮದು 500 ಜಿಬಿ. ಹೊರಗಿನ ಡಿಸ್ಕ್‌ನಲ್ಲಿ ಜಿಪಿಟಿ ಟೇಬಲ್ (ಪಾರ್ಟಿಷನ್ನುಗಳ ಪಟ್ಟಿ) ಮಾಡಿ, ಮೊದಲಿಗೆ 512 ಎಂಬಿಯ ಫ್ಯಾಟ್32 ಪಾರ್ಟಿಷನ್. ಅದರ ಮೌಂಟ್ ಪಾಯಿಂಟ್ (ಸಿಸ್ಟಮ್‌ನಲ್ಲಿ ಅದು ಕಾಣುವ ಜಾಗ) ಬೂಟ್ ಒಳಗಿನ ಇಎಫ್‌ಐ (/boot/efi), ಫ್ಲ್ಯಾಗ್ ಬೂಟ್. ಉಳಿದ ಜಾಗ ಇಎಕ್ಸ್‌ಟಿ4, ಅದೇ ರೂಟ್ (/), ಸಿಸ್ಟಮ್ ಕೂರುವ ಜಾಗ.

ಮುಗಿದ ಮೇಲೆ ಆ ಚಿಕ್ಕ ಪಾರ್ಟಿಷನ್ ತೆರೆದು ನೋಡಿ. ಇಎಫ್‌ಐ, ಅದರೊಳಗೆ ಬೂಟ್ ಫೋಲ್ಡರ್, ಅಲ್ಲಿ ಬೂಟ್‌ಎಕ್ಸ್64 (BOOTX64.EFI) ಅನ್ನೋ ಫೈಲ್ ಇರಲೇಬೇಕು. ಹೊಸ ಕಂಪ್ಯೂಟರ್‌ಗೆ ಡಿಸ್ಕ್ ಸಿಕ್ಕಿಸಿದಾಗ ಅದರ ಫರ್ಮ್‌ವೇರ್ (ಆನ್ ಆದ ಕೂಡಲೇ ಓಡುವ ಒಳಗಿನ ಪ್ರೋಗ್ರಾಂ) ಹುಡುಕೋದು ಇದನ್ನೇ. ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ ಗ್ರಬ್-ಇನ್‌ಸ್ಟಾಲ್ ಕಮಾಂಡ್‌ಗೆ ರಿಮೂವಬಲ್ (--removable) ಆಯ್ಕೆ ಸೇರಿಸಿ ಓಡಿಸಿದರೆ ಬರುತ್ತದೆ.

ಯಾವ ಡಿಸ್ಕ್‌ನಿಂದ ಏಳಬೇಕು ಅಂತ ಆರಿಸುವ ಬೂಟ್ ಮೆನುಗೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಒಂದು ಎಚ್ಚರ: ಕೆಲಸ ಮಾಡುತ್ತಿರುವಾಗ ಕೇಬಲ್ ಅಲುಗಿದರೆ ಇಡೀ ಸಿಸ್ಟಮ್ ನಿಂತುಹೋಗುತ್ತದೆ. ಹಾಸಿಗೆ ಮೇಲೆ ಬೇಡ, ಟೇಬಲ್ ಮೇಲೇ ಇಟ್ಟುಕೋ ಪುಟ್ಟಿ ಅಂತ ಹೇಳಿದ್ದೇನೆ. ಮುಂದೆ ಅದೇ ಕೇಸ್‌ಗೆ ಒಂದು ಎಸ್‌ಎಸ್‌ಡಿ ಹಾಕಿಕೊಡುವ ಆಸೆ ಇದೆ.