ಬೋರ್‌ನ ಗುಂಡಿ, ಕೋಟಿನ ಜೇಬು

"ಬೋರ್‌ಗಾ? ಅಲ್ಲೇನಿದೆ?" ಬೆಲ್‌ಗ್ರೇಡ್‌ನ ಹಾಸ್ಟೆಲ್ ಹುಡುಗ ಎರಡು ಸಲ ಕೇಳಿದ. ಸುಮ್ನೆ ನಕ್ಕೆ.

ಪೂರ್ವ ಸೆರ್ಬಿಯಾದ ಈ ಊರು ತಾಮ್ರದ ಗಣಿಯಿಂದಲೇ ಹುಟ್ಟಿದ್ದು. ಬಸ್ಸಿಳಿದಾಗ ಗಂಟಲಿಗೆ ಗಂಧಕದ ಘಾಟು. ಮನೆಗಳು ಮುಗಿಯುವಲ್ಲೇ ಹಳೇ ಗಣಿಯ ಗುಂಡಿ. ಅಂಚಿನಲ್ಲಿ ನಿಂತರೆ ಕಾಲು ತಾನೇ ಹಿಂದಕ್ಕೆ ಸರಿಯುತ್ತದೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಈ ತಾಮ್ರ ಬೇಕಿತ್ತು, ಅಗೆಯೋಕೆ ಆಳು ಸಾಲಲಿಲ್ಲ. ಹೋರ್ತಿ ಆಳುತ್ತಿದ್ದ, ಜರ್ಮನಿಯ ಮಿತ್ರದೇಶ ಹಂಗೇರಿ 1943-44ರಲ್ಲಿ ಸುಮಾರು 6,000 ಯಹೂದಿ ಗಂಡಸರನ್ನು ಕಳಿಸಿತು. ಅದಕ್ಕೆ ಬದಲಾಗಿ ಸಿಗಬೇಕಿದ್ದುದು ತಾಮ್ರ! ಸಂತೆಯ ವ್ಯಾಪಾರ ಇದ್ದ ಹಾಗೆ. ಹಂಗೇರಿಯ ಸೈನ್ಯ ಯಹೂದಿಗಳ ಕೈಗೆ ಬಂದೂಕು ಕೊಡುತ್ತಿರಲಿಲ್ಲ, ಸಲಿಕೆ ಕೊಡುತ್ತಿತ್ತು. ತೋಳಿಗೆ ಹಳದಿ ಪಟ್ಟಿ. ಕ್ರೈಸ್ತರಾಗಿ ಮತಾಂತರವಾದವರಿಗೆ ಬಿಳಿ ಪಟ್ಟಿ. ಕೆಲಸ ಮಾತ್ರ ಒಂದೇ.

ಬಿಳಿ ಪಟ್ಟಿ ಕಟ್ಟಿದವರಲ್ಲಿ ಕವಿ ಮಿಕ್ಲೋಶ್ ರಾದ್ನೋತಿಯೂ ಒಬ್ಬ. ನಾನು ಹೋಗಿದ್ದು ಅವನಿಗಾಗಿಯೇ. ಅವನಿದ್ದ ಶಿಬಿರ ಜಾಗುಬಿತ್ಸಾ ಊರಿನ ಮೇಲಿನ ಬೆಟ್ಟದಲ್ಲಿತ್ತು, ಕೆಲಸ ರೈಲು ದಾರಿ ಹಾಕೋದು. ಟ್ಯಾಕ್ಸಿ ಮಾಡಿಕೊಂಡು ಆ ಕಡೆ ಹೋದೆ. ಕಂಡಿದ್ದು ಬರೀ ಕಾಡು. ಡ್ರೈವರ್ ಸಿಗರೇಟು ಸೇದುತ್ತಾ ಕಾದ. ನಿಜ ಹೇಳಬೇಕು ಅಂದ್ರೆ, ಸ್ವಲ್ಪ ಬೇಜಾರಾಯಿತು.

1944ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ತಿನ ಕೆಂಪು ಸೇನೆ ಹತ್ತಿರವಾಯಿತು. ಕೈದಿಗಳನ್ನು ಎರಡು ಗುಂಪು ಮಾಡಿ ಹಂಗೇರಿಯ ಕಡೆ ನಡೆಸಲು ಹೊರಟರು. ಬೇಗ ಮನೆ ಸೇರಬಹುದು ಅಂತ ರಾದ್ನೋತಿ ಮೊದಲ ಗುಂಪು ಸೇರಿಕೊಂಡ. ಹೊರಡುವ ಮೊದಲು ಐದು ಕವಿತೆ ನಕಲು ಮಾಡಿ ಗೆಳೆಯನಿಗೆ ಕೊಟ್ಟ. ಎರಡನೇ ಗುಂಪನ್ನು ಪಾರ್ಟಿಸಾನರು, ಅಂದ್ರೆ ಜರ್ಮನರ ವಿರುದ್ಧ ಹೋರಾಡುತ್ತಿದ್ದ ಸ್ಥಳೀಯ ಗೆರಿಲ್ಲಾಗಳು, ದಾರಿಯಲ್ಲೇ ಬಿಡಿಸಿದರು. ಗೆಳೆಯ ಉಳಿದ, ಕವಿತೆಗಳೂ ಉಳಿದವು. ಮೊದಲ ಗುಂಪಿನವರು ನಡೆಯುತ್ತಲೇ ಹೋದರು, ದಾರಿಯುದ್ದಕ್ಕೂ ಗುಂಡೇಟು ತಿನ್ನುತ್ತಾ.

ನಾಲ್ಕು ದಿನ ಬಿಟ್ಟು ಪಶ್ಚಿಮ ಹಂಗೇರಿಯ ಅಬ್ದಾ ಹಳ್ಳಿಗೆ ಹೋದೆ. ಪಕ್ಕದ ಹೆದ್ದಾರಿಯಲ್ಲಿ ಲಾರಿಗಳ ಸದ್ದೇ ಜಾಸ್ತಿ. 1944ರ ನವೆಂಬರ್‌ನಲ್ಲಿ, ಇನ್ನು ನಡೆಯಲಾಗದ 22 ಜನರನ್ನು ಕಾವಲಿನವರು ಇಲ್ಲಿ ಕೊಂದು ಹೂತರು. ರಾದ್ನೋತಿಗೆ ಆಗ 35 ವರ್ಷ. 1946ರ ಜೂನ್‌ನಲ್ಲಿ ಗುಂಡಿ ಅಗೆದಾಗ ಅವನ ಕೋಟಿನ ಜೇಬಿನಲ್ಲಿ ಪುಟ್ಟ ನೋಟ್‌ಬುಕ್ ಸಿಕ್ಕಿತು. ಒಳಗೆ ಹತ್ತು ಕವಿತೆ, ಕೊನೆಯವು ಆ ನಡಿಗೆಯಲ್ಲೇ ಬರೆದವು. ಮೊದಲ ಪುಟದಲ್ಲಿ, ಸಿಕ್ಕಿದವರು ಇದನ್ನು ಬುಡಾಪೆಸ್ಟ್‌ನ ಗೆಳೆಯನೊಬ್ಬನಿಗೆ ತಲುಪಿಸಿ ಎಂಬ ಕೋರಿಕೆ. ಹಂಗೇರಿಯನ್, ಸೆರ್ಬಿಯನ್, ಜರ್ಮನ್, ಫ್ರೆಂಚ್, ಇಂಗ್ಲಿಷ್, ಐದೂ ಭಾಷೆಯಲ್ಲಿ. ಯಾರ ಕೈಗೆ ಸಿಗುತ್ತೋ ಗೊತ್ತಿರಲಿಲ್ಲ ಅಲ್ವಾ.