ಸ್ಪೇನಿಗೆ ಹೋಗಿ ಮಳೆ ನೋಡ್ಕೊಂಡು ಬಂದ್ಯಾ?

ಹೌದು, ಮಳೆ ನೋಡ್ಕೊಂಡೇ ಬಂದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಟೊಮ್ಯಾಟೊ ಎಸೆದಾಡಿದ್ಯಾ ಅಂತ ಕೇಳೋರಿಗೆ ಮೊದಲು. ಆ ಟೊಮ್ಯಾಟೊ ಎಸೆಯೋ ಹಬ್ಬ ಬುನ್ಯೋಲ್ ಅನ್ನೋ ಊರಲ್ಲಿ, ಆಗಸ್ಟ್ ಕೊನೆಯ ಬುಧವಾರ. ನಾನಿದ್ದದ್ದು ನವೆಂಬರಿನಿಂದ ಜನವರಿವರೆಗೆ, ಬೇರೆ ಮೂಲೆಯಲ್ಲಿ. ಆಯ್ತಾ?

ಕೆಲಸ ಸೆವಿಲ್ ಆಫೀಸಿನದು. ವಾರಕ್ಕೊಂದು ದಿನ ಮುಖ ತೋರಿಸಿದರೆ ಸಾಕು ಅಂದರು, ಅಲ್ಲಿ ಬಾಡಿಗೆ ಜಾಸ್ತಿ ಅಂತ ಸುಮಾರು ಎರಡು ಗಂಟೆ ದೂರದ ಗ್ರಾಸಲೇಮ ಅನ್ನೋ ಬೆಟ್ಟದ ಊರಲ್ಲಿ ರೂಮು ಹಿಡಿದೆ. ಸುಣ್ಣ ಬಳಿದ ಮನೆಗಳು, ಹೆಂಚಿನ ಮಾಡು, ಹಿಂದೆ ಬೂದು ಬಂಡೆ. ಅಟ್ಲಾಂಟಿಕ್ ಕಡೆಯ ಮೋಡಕ್ಕೆ ಮೊದಲು ಅಡ್ಡ ಸಿಗೋದು ಈ ಬೆಟ್ಟಗಳೇ, ಹಾಗಾಗಿ ವರ್ಷಕ್ಕೆ 2000 ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಯಲ್ಲಿ 7000 ದಾಟುತ್ತದೆ. ಗೊತ್ತು, ಮಾರಾಯ್ರೇ, ಗೊತ್ತು.

ಸಿಟ್ಟು ಬಂದಿದ್ದು ಸಾಗರದ ಒಂದು ಮದುವೆಯಲ್ಲಿ. ಪಂಕ್ತಿಯಲ್ಲಿ ಎದುರು ಕೂತ ದೊಡ್ಡಪ್ಪ ಎಲ್ಲರಿಗೂ ಕೇಳೋ ಹಾಗೆ, "ಏನೇ, ನಮ್ಮಲ್ಲಿಲ್ದೇ ಇರೋ ಬೆಟ್ಟ ಅಲ್ಲೇನಿತ್ತೇ?" ಅಂದರು. ಪಂಕ್ತಿಯೆಲ್ಲ ನಕ್ಕಿತು. ಬಡಿಸೋ ಹುಡುಗನೂ ನಕ್ಕ.

ಏನಿತ್ತಾ? ಪಿನ್ಸಾಪೊ ಮರ ಇತ್ತು. ಹಿಮಯುಗದ ಕಾಲದಿಂದ ಉಳಿದುಕೊಂಡ, ಸೂಜಿ ಎಲೆಯ ಫರ್ ಮರ ಅದು, ಆ ಸುತ್ತಿನ ಮೂರು ಬೆಟ್ಟಸಾಲು ಬಿಟ್ಟರೆ ಸ್ಪೇನಿನಲ್ಲಿ ಇನ್ನೆಲ್ಲೂ ತಾನಾಗಿ ಬೆಳೆಯಲ್ಲ. ಟೊಂಗೆ ಮುಟ್ಟಿದರೆ ಬಾಟಲಿ ತೊಳೆಯೋ ಬ್ರಷ್ ಮುಟ್ಟಿದ ಹಾಗೆ. ರಣಹದ್ದುಗಳಿದ್ದವು, ಘಾಟಿ ರಸ್ತೆಯಲ್ಲಿ ನಿಂತರೆ ಅವುಗಳ ಬೆನ್ನು ಕಾಣುತ್ತಿತ್ತು, ಅಷ್ಟು ಕೆಳಗೆ ಹಾರುತ್ತಿದ್ದವು. ಮನೆಯೊಡತಿ ದುಂಡು ಮೇಜಿಗೆ ನೆಲ ಮುಟ್ಟೋ ದಪ್ಪ ಬಟ್ಟೆ ಹೊದಿಸಿ ಅಡಿಯಲ್ಲಿ ಹೀಟರ್ ಇಟ್ಟಿದ್ದರು. ಮೇಲೆ ಲ್ಯಾಪ್‌ಟಾಪ್, ಕೆಳಗೆ ಕಾಲಲ್ಲೇ ಒಣಗುವ ಒದ್ದೆ ಸಾಕ್ಸ್, ನನ್ನ ಮೀಟಿಂಗುಗಳೆಲ್ಲ ಹೀಗೇ.

ಆದರೆ ಮಲೆನಾಡಿನವರು, ಅದರಲ್ಲೂ ತೋಟ ಮಾಡೋರು, ಕೇಳಬೇಕಿದ್ದ ಪ್ರಶ್ನೆ ಬೇರೆ: ಅಷ್ಟು ನೀರು ಎಲ್ಲಿ ಹೋಗುತ್ತೆ? ಅದನ್ನು ಒಬ್ಬರೂ ಕೇಳಲಿಲ್ಲ. ರಾತ್ರಿಯಿಡೀ ಹೊಯ್ದ ಮೇಲೂ ಬೆಳಿಗ್ಗೆ ಬೆಟ್ಟದ ಮೇಲೆ ಹೊಂಡ ಇಲ್ಲ, ಕೆಂಪು ನೀರಿಲ್ಲ, ಕಾಲಿಗೊಂದು ಇಂಬಳವೂ ಇಲ್ಲ. ಸುಣ್ಣಕಲ್ಲಿನ ಬೆಟ್ಟ ಅದು. ಮಳೆನೀರು ಕಲ್ಲನ್ನೇ ಕರಗಿಸಿ ಬಿರುಕಿನಲ್ಲಿ ಇಳಿದು, ಎಲ್ಲೋ ಕೆಳಗಿನ ಊರಲ್ಲಿ ಒರತೆಯಾಗಿ ಏಳುತ್ತದೆ.

ಒಂದು ಭಾನುವಾರ ಹತ್ತಿರದ ಮೊಂತೆಹಾಕೆ ಅನ್ನೋ ಊರಿಗೆ ಹೋಗಿದ್ದೆ. 1920ರ ದಶಕದಲ್ಲಿ ಅಲ್ಲಿ ಕರೆಂಟಿಗೆ ಅಂತ 80 ಮೀಟರಿಗೂ ಎತ್ತರದ ಅಣೆಕಟ್ಟು ಕಟ್ಟಿದರು. ನೀರು ನಿಲ್ಲಲಿಲ್ಲ. ಸಿಮೆಂಟು ಸುರಿದು ಮುಚ್ಚೋಕೆ ನೋಡಿದರು, ಆದರೂ ನಿಲ್ಲಲಿಲ್ಲ. ಹೊಳೆ ಗುಹೆಗೆ ಇಳಿದು, ನಾಲ್ಕು ಕಿಲೋಮೀಟರಿಗೂ ಆಚೆ ಬೆಟ್ಟದ ಇನ್ನೊಂದು ಬದಿಗೆ ಹೊರಬರುತ್ತದೆ. ಗೋಡೆ ಮಾತ್ರ ಇವತ್ತಿಗೂ ನಿಂತಿದೆ. ನಾನಲ್ಲಿ ಜಾಸ್ತಿ ಹೊತ್ತು ನಿಂತೆ. ದೊಡ್ಡಪ್ಪ ಹುಟ್ಟಿದ ಮನೆ, ಅಜ್ಜನ ಅಡಿಕೆ ತೋಟ, ಎರಡೂ 1964ರ ಲಿಂಗನಮಕ್ಕಿ ಹಿನ್ನೀರಿನಡಿ ಇವೆ. ಆಗ ದೊಡ್ಡಪ್ಪನಿಗೆ ಹತ್ತು ವರ್ಷ.

ಮದುವೆಯ ದಿನ ಊಟ ಮುಗಿಸಿ ನಲ್ಲಿ ಹತ್ತಿರ ಸಿಕ್ಕಿದಾಗ, ಇನ್ನೂ ಸಿಟ್ಟಲ್ಲೇ, ಇದಿಷ್ಟನ್ನೂ ಅವರಿಗೆ ಹೇಳಿದೆ. ಕೈ ತೊಳೆಯೋದು ಬಿಟ್ಟು ನಿಂತರು. ನಲ್ಲಿ ಸುಮ್ನೆ ಹರಿಯುತ್ತಿತ್ತು.

"ಪೂರ್ತಿ ಸೋರಿ ಹೋಯ್ತಾ?"

"ಪೂರ್ತಿ."

"ಎಷ್ಟೆತ್ತರದ್ದು ಅಂದೆ ಗೋಡೆ?" ಅಂತ ಮತ್ತೆ ಕೇಳಿದರು.