20×30 ಸೈಟಿನಲ್ಲಿ ಮೆಟ್ಟಿಲು ನಡುವೆಯೇ ಇರಲಿ

ಬಳ್ಳಾರಿಯಲ್ಲಿ 20×30 ಸೈಟಿಗೆ ಪ್ಲಾನ್ ಹಾಕುವಾಗ ಮೆಟ್ಟಿಲನ್ನು ಮೂಲೆಗೆ ತಳ್ಳಿಬಿಡುತ್ತಾರೆ. ಹಾಲ್ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಎರಡೂ ಪಕ್ಕ ಮನೆ ಎದ್ದಮೇಲೆ ನಡುವಿನ ಕೋಣೆಗೆ ಹಗಲಲ್ಲೂ ಲೈಟು ಬೇಕು. ಗೋಡೆಗೆ ಗೋಡೆ ಅಂಟಿದ ಹಳೇ ಮಾಳಿಗೆ ಮನೆಗಳಲ್ಲಿ ಇದಕ್ಕೆಂದೇ ನೆತ್ತಿಯ ಮೇಲೆ ಬೆಳಕಿಂಡಿ ಬಿಡುತ್ತಿದ್ದರು. ಇವತ್ತು ಆ ಕೆಲಸವನ್ನು ಮೆಟ್ಟಿಲಿಗೇ ಒಪ್ಪಿಸಬಹುದು.

ಅಂತಸ್ತಿನ ಎತ್ತರ 10 ಅಡಿ ಹಿಡಿಯಿರಿ. 18 ರೈಸರ್ (ಮೆಟ್ಟಿಲಿನ ನಿಂತ ಮುಖ) ಮಾಡಿದರೆ ಒಂದೊಂದು 6.67 ಇಂಚು. ನಡುವೆ ತಿರುಗಿ ಹತ್ತುವ ಎರಡು ಮಡಿಕೆಗೆ ಒಂಬತ್ತೊಂಬತ್ತು. ಮಡಿಕೆಗೆ 10 ಇಂಚಿನ 8 ಟ್ರೆಡ್ (ಕಾಲಿಡುವ ಜಾಗ), ಜೊತೆಗೆ 3 ಅಡಿ ಲ್ಯಾಂಡಿಂಗ್, ಒಟ್ಟು ಉದ್ದ 9 ಅಡಿ 8 ಇಂಚು. ಎರಡು ಮಡಿಕೆಗಳ ನಡುವಿನ ಸಂದನ್ನು ಮೇಸ್ತ್ರಿಗಳು 4 ಇಂಚಿಗೇ ಮುಗಿಸುತ್ತಾರೆ. ಅಲ್ಲೇ ಬೆಳಕು ಸಾಯುವುದು. ಸಂದು 2 ಅಡಿ ಬಿಡಿಸಿ. ಆಗ ಮೂರು ಮೂರು ಅಡಿಯ ಎರಡು ಮಡಿಕೆ ಸೇರಿ ಅಗಲ 8 ಅಡಿ ಆಗುತ್ತದೆ, ಬೆಳಕು ನೆಲದವರೆಗೂ ಇಳಿಯುತ್ತದೆ. ಸಂದು ಅಗಲವಾದಷ್ಟೂ ರೇಲಿಂಗ್ ಗಟ್ಟಿಯಿರಬೇಕು: ಎತ್ತರ 3 ಅಡಿಗೆ ಕಡಿಮೆ ಬೇಡ, ಸರಳುಗಳ ನಡುವೆ 4 ಇಂಚು ಮೀರಬಾರದು.

ಮೆಟ್ಟಿಲು ತಾರಸಿಗೆ ತಲುಪುವಲ್ಲಿ ಕಟ್ಟುವ ಹೆಡ್‌ರೂಮಿನ ನೆತ್ತಿಗೆ ಮಾತ್ರ ಗಾಜು ಹಾಕಬೇಡಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಇಡೀ ಮನೆ ಕಾಯುತ್ತದೆ. ಮೇಲೆ ಕಾಂಕ್ರೀಟ್ ಸ್ಲ್ಯಾಬೇ ಇರಲಿ, ಉತ್ತರದ ಗೋಡೆಯಲ್ಲಿ ನೆಟ್ಟಗೆ ಕಿಟಕಿ ಇಡಿ. ಬಳ್ಳಾರಿ ಇರುವುದು 15 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಮೇ ಆರಂಭದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ತುಸು ಉತ್ತರಕ್ಕೇ ಇರುತ್ತಾನೆ. ಒಂದೂವರೆ ಅಡಿ ಸಜ್ಜಾ ಅವನನ್ನು ತಡೆಯುತ್ತದೆ, ಮಳೆಯ ಎರಚಲನ್ನೂ ತಡೆಯುತ್ತದೆ.

ಈ ಕಿಟಕಿ ತೆರೆದು ಮುಚ್ಚುವಂತಿರಲೇಬೇಕು. ಯಾವಾಗಲೂ ತೆರೆದಿರುವ ಜಾಲಿ ಕೂಡಿಸಿದರೆ ಬೇಸಿಗೆಯ ಮಧ್ಯಾಹ್ನ ಬಿಸಿಗಾಳಿ ಒಳಗೆ ನುಗ್ಗುತ್ತದೆ. ಹಗಲು ಮುಚ್ಚಿ, ರಾತ್ರಿ ಹೊರಗೆ ತಂಪಾದಮೇಲೆ ತೆರೆಯಿರಿ. ಒಳಗಿನ ಬಿಸಿಗಾಳಿ ಮೆಟ್ಟಿಲ ಬಾವಿಯಿಂದ ಮೇಲೇರಿ ಹೋಗುತ್ತದೆ, ಕೆಳಗಿನ ಕಿಟಕಿಗಳಿಂದ ತಂಪು ಬರುತ್ತದೆ. ಟಾಯ್ಲೆಟ್ ವೆಂಟಿಲೇಟರನ್ನು ಇದೇ ಬಾವಿಗೆ ತೆರೆಯಬೇಡಿ, ವಾಸನೆ ಮನೆಯೆಲ್ಲ ತುಂಬುತ್ತದೆ. ಅದಕ್ಕೆ ಬೇರೆ ಡಕ್ಟ್ ಬೇಕು.

ಇನ್ನು ಸಂಪು. 6×8 ಅಡಿ, 6 ಅಡಿ ಆಳವಾದರೆ ಸುಮಾರು 8,000 ಲೀಟರ್. ಜಾಗ ಉಳಿಯಲೆಂದು ಅದನ್ನು ಕಾಲಮ್ಮಿಗೆ ಒತ್ತಿಸಿ ತೋಡಿಸಬೇಡಿ. ಎರೆ ಮಣ್ಣಿದ್ದರೆ ಸಂಪಿನ ಸಣ್ಣ ಸೋರಿಕೆಗೂ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಗೋಡೆ ಓರೆಯಾಗಿ ಬಿರಿಯುತ್ತದೆ. ಪಕ್ಕದ ಮನೆಯ ಪಾಯದ ಬಳಿ ಕಾಲಮ್ಮಿನ ಎಲ್ಲ ಗುಂಡಿಗಳನ್ನು ಒಟ್ಟಿಗೆ ತೆಗೆಸುವುದೂ ಅಪಾಯ. ಒಂದು ಬಿಟ್ಟು ಒಂದು ತೆಗೆಸಿ, ಕಾಂಕ್ರೀಟ್ ಬಿದ್ದಮೇಲೆ ಉಳಿದವಕ್ಕೆ ಕೈಹಾಕಿಸಿ.